ಲಕೋಟೆಯ ಮೇಲಿನ ಹೆಸರು

ನಮ್ಮ ಅಧ್ಯಯನದ ಆಫೀಸಿನಲ್ಲಿ ಈ ಪ್ರಕರಣಕ್ಕೆ 'ಲೇಬಲ್ ತಪ್ಪು' ಎಂದು ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಕೊಡುವಾಗ ಇದನ್ನು ಮೂರು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಒಂದು ಲಕೋಟೆಯ ಮೇಲೆ ತಪ್ಪು ಹೆಸರು ಬಿತ್ತು. ಕ್ಷೇತ್ರ ಸಿಬ್ಬಂದಿ ಎಚ್ಚೆತ್ತು ತಿದ್ದಿದರು. ಆಗಬಾರದಿದ್ದ ಒಂದು ಮದುವೆ ನಿಂತಿತು. ಆ ಕ್ಷೇತ್ರ ಸಿಬ್ಬಂದಿ ಅಂದರೆ ನಾನು. ಕೇಳಿದವರು ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ನೋಡುತ್ತಾರೆ.

ಮೂರೂ ವಾಕ್ಯಕ್ಕೆ ನನ್ನ ತಕರಾರಿದೆ. ಲಕೋಟೆಯ ಮೇಲೆ ಬಿದ್ದದ್ದು ತಪ್ಪು ಹೆಸರಲ್ಲ. ಬೀಳಬೇಕು ಎಂದು ನಾವು ಸಭೆ ಮಾಡಿ ನಿರ್ಧರಿಸಿದ್ದ ಹೆಸರೇ ಅದು. ಮೊದಲು ಎಚ್ಚೆತ್ತವಳು ನಾನಲ್ಲ. ಇನ್ನು ನಿಂತ ಮದುವೆ. ಒಂದು ಮದುವೆ ನಿಂತದ್ದು ನಿಜ. ಅದರಾಚೆ ಏನಾಯಿತು ಅಂತ ತರಬೇತಿಯಲ್ಲಿ ಯಾರೂ ಕೇಳುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಚಹಾ ಬಂದಿರುತ್ತದೆ.

ಕೆಲಸ ಏನಿತ್ತು, ಅದನ್ನು ಮೊದಲು ಹೇಳುತ್ತೇನೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದ ದಂಪತಿಗಳನ್ನು ಶಹಾಪುರ, ಸುರಪುರ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಗುರುತಿಸಿ ಇಬ್ಬರನ್ನೂ ಪರೀಕ್ಷಿಸುವುದು. ಗಂಡಸರು ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯೇ ಎಂಬುದು ಅಧ್ಯಯನದ ಪ್ರಶ್ನೆ. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಔಷಧ ಹೊಡೆಯುವವರು ಒಂದು ಗುಂಪು. ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಗಳಲ್ಲಿ ರಾಸಾಯನಿಕಗಳ ನಡುವೆ ದುಡಿಯುವವರು ಇನ್ನೊಂದು. ಇವೆರಡೂ ಅಲ್ಲದವರು ಮೂರನೆಯದು. ಗಂಡಸರ ವೀರ್ಯ ಪರೀಕ್ಷೆ ಆಗದೆ ಈ ಅಧ್ಯಯನವೇ ಇಲ್ಲ.

ಹೆಂಗಸರು ಕರೆಯುವ ಮೊದಲೇ ಬಂದರು. ಒಬ್ಬಾಕೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಸ್ಕ್ಯಾನಿಂಗ್ ಹಾಳೆಗಳನ್ನು ಜೋಡಿಸಿಕೊಂಡು ತಂದಿದ್ದಳು. ಕಲಬುರಗಿ, ರಾಯಚೂರು, ಯಾದಗಿರಿ, ಮೂರೂ ಊರಿನ ದವಾಖಾನೆಗಳ ಮುದ್ರೆ ಇದ್ದವು. ಗಂಡನದು ಒಂದು ಹಾಳೆಯೂ ಇರಲಿಲ್ಲ. ಅಂಥ ಚೀಲಗಳನ್ನು ಆಮೇಲೆ ಬಹಳ ನೋಡಿದೆ.

ಗಂಡಸರಿಗಾಗಿ ನಾವು ಶಹಾಪುರದ ಸಂತೆಯ ದಿನ ಹಿಡಿದೆವು. ಬಗಲಲ್ಲಿ ಚೀಲ ಇಟ್ಟುಕೊಂಡ ಗಂಡಸು ಸಂತೆಯ ದಿನ ಯಾವ ಓಣಿಗೆ ನುಗ್ಗಿದರೂ ಯಾರೂ ಏನೂ ಕೇಳುವುದಿಲ್ಲ. ಪ್ರಯೋಗಾಲಯದ ಹಿಂದೆ ಒಂದು ಕೋಣೆ, ಒಳಗಿನಿಂದ ಚಿಲಕ, ಒಂದು ನಲ್ಲಿ. ಮಾದರಿ ಕೊಡುವ ಮೊದಲು ಎರಡರಿಂದ ಏಳು ದಿನ ಸಂಯಮ ಇರಬೇಕು, ಡಬ್ಬಿಯ ಮೇಲಿನ ಸಂಖ್ಯೆಯನ್ನು ಕೊಡುವವನೇ ಗಟ್ಟಿಯಾಗಿ ಓದಬೇಕು, ಒಂದು ತಾಸಿನೊಳಗೆ ಅದು ಸೂಕ್ಷ್ಮದರ್ಶಕದ ಕೆಳಗೆ ಬರಬೇಕು. ಅಷ್ಟರವರೆಗೆ ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ ಇಡಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಕೋಣೆಯೇ ಅದಕ್ಕಿಂತ ಬಿಸಿ. ಬೆಚ್ಚಗಿಡುವ ಪೆಟ್ಟಿಗೆ ಕಾಯಬಾರದೆಂದು ಅದರ ಮುಂದೆ ಕೂಲರ್ ಇಟ್ಟು ಕೆಲಸ ಮಾಡಿದೆವು. ನಮ್ಮ ಪ್ರಯೋಗಾಲಯದ ತಂತ್ರಜ್ಞ ಯಾದಗಿರಿಯ ಮನುಷ್ಯ, ಮಾತಿನಲ್ಲಿ ಹಗುರ, ಕೈಯಲ್ಲಿ ಕಟ್ಟುನಿಟ್ಟು. ಗಿರಾಕಿ ಕಡಿಮೆಯಾದ ದಿನ ಬಾಗಿಲಲ್ಲಿ ನಿಂತು, "ಇವತ್ತ ಸಂತ್ಯಾಗ ಬದನಿಕಾಯಿ ಬಂದಿಲ್ಲೇನ್ರಿ ಮೇಡಂ, ಒಬ್ಬಾಂವನೂ ದಾರಿ ತಪ್ಪಿಲ್ಲ" ಅನ್ನುತ್ತಿದ್ದ.

ಮೊದಲ ತಿಂಗಳು ಫಲಿತಾಂಶದ ಚೀಟಿ ಗಂಡನ ಹೆಸರಿನ ಲಕೋಟೆಯಲ್ಲಿ ಮನೆಗೆ ಹೋಗುತ್ತಿತ್ತು. ಒಂದು ಊರಲ್ಲಿ ಅಂಥ ಲಕೋಟೆ ಹೋಟೆಲಿನ ಟೇಬಲ್ ಮೇಲೆ ಯಾರದೋ ಕೈಗೆ ಸಿಕ್ಕಿತು. ಆ ಮನುಷ್ಯನನ್ನು ಊರು ಎಷ್ಟು ಆಡಿಕೊಂಡಿತೆಂದರೆ ಮುಂದಿನ ಸಂತೆಗೆ ಆ ಊರಿನ ಒಬ್ಬನೂ ಬರಲಿಲ್ಲ. ಹೀಗೇ ಆದರೆ ಅಧ್ಯಯನ ನಿಲ್ಲುತ್ತದೆ ಎಂದು ಸಭೆ ಕರೆದರು.

ಆ ಸಭೆಯಲ್ಲಿ ಪರಿಹಾರ ಹೇಳಿದವಳು ನಾನು. ಎಲ್ಲ ಲಕೋಟೆಗಳೂ ಹೆಂಡತಿಯ ಹೆಸರಲ್ಲಿ ಹೋಗಲಿ. ಹೇಗೂ ಕಡತಗಳೆಲ್ಲ ಹೆಂಗಸಿನ ಹೆಸರಲ್ಲೇ ತೆರೆದಿವೆ, ಯಾಕೆಂದರೆ ಆಶಾ ಕಾರ್ಯಕರ್ತೆಯರ ಬಳಿ ಇರುವ ದಂಪತಿಗಳ ರಿಜಿಸ್ಟರ್ ಇರುವುದೇ ಹಾಗೆ. ಹೆಂಗಸಿಗೆ ದವಾಖಾನೆಯಿಂದ ಕಾಗದ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಒಳಗಿನ ಚೀಟಿಯಲ್ಲಿ ವೀರ್ಯ ಎಂಬ ಶಬ್ದವೂ ಬೇಡ. ಕಡತ ಸಂಖ್ಯೆ, ಎಣಿಕೆ, ಮರುಪರೀಕ್ಷೆ ಬೇಕೋ ಬೇಡವೋ, ಬರಬೇಕಾದ ದಿನ, ಇಷ್ಟು ಸಾಕು. ಅಕಸ್ಮಾತ್ ಯಾರಾದರೂ ಒಡೆದರೂ ಏನೂ ತಿಳಿಯಬಾರದು.

ಸಗರದ ಆಶಾ ಕಾರ್ಯಕರ್ತೆ ಎದ್ದು ನಿಂತಳು. ಐವತ್ತರ ಆಸುಪಾಸಿನ ಹೆಂಗಸು. ನಾವೆಲ್ಲ ಆಶಾ ಅಕ್ಕ ಅನ್ನುತ್ತಿದ್ದೆವು.

"ಹೆಣ್ಮಗಳ ಹೆಸರು ಬ್ಯಾಡ್ರಿ ಮೇಡಂ. ಕಾಗದದ ಮ್ಯಾಲ ಯಾರ ಹೆಸರು ಇರ್ತದ, ತಪ್ಪು ಅವರಿಗೇ ಹತ್ತತದ."

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು ನನಗೊಂದು ಚಾಳಿ ಬಿದ್ದಿತ್ತು. ಎದುರಿನವರ ಮಾತನ್ನು ನಾನೇ ಇನ್ನಷ್ಟು ಚೆನ್ನಾಗಿ ಹೇಳಿ, ಆಮೇಲೆ ಅದನ್ನು ಕೆಡವುವುದು. "ಅಕ್ಕ ಹೇಳುವುದು ಒಪ್ಪೋಣ. ಈಗ ಮನೆಯವರು ಹೆಂಗಸರನ್ನು ಬೈಯುತ್ತಿಲ್ಲವೇ? ಹೆಸರಿಲ್ಲದೆಯೂ ಬೈಯುತ್ತಾರೆ. ಅಂದಮೇಲೆ ಲಕೋಟೆಯಿಂದ ಹೆಚ್ಚಾಗುವುದೇನು? ಒಂದಾದರೂ ಸಾಕ್ಷಿ ಇದೆಯಾ ಅಕ್ಕಾ?"

"ಸಾಕ್ಷಿ ಎಲ್ಲಿಂದ ತರ್ಲಿ ತಂಗಿ," ಅಂದಳು ಆಶಾ ಅಕ್ಕ. ಎಲ್ಲರೂ ನಕ್ಕರು. ಆಕೆಯೂ ಸ್ವಲ್ಪ ನಕ್ಕು ಕೂತಳು. ಮುಖ್ಯ ಸಂಶೋಧಕಿ, ನಮ್ಮ ಡಾಕ್ಟರ್ ಮೇಡಂ, ನನ್ನ ಸಲಹೆಯನ್ನು ಬರೆದು ನೈತಿಕ ಸಮಿತಿಗೆ ಕಳಿಸಿದರು. ಗೋಪ್ಯತೆ ಹೆಚ್ಚಾಗುತ್ತದೆ ಎಂದು ಸಮಿತಿ ಒಪ್ಪಿತು. ಗಂಡಸರು ಮತ್ತೆ ಬರತೊಡಗಿದರು. ನಾನು ಗೆದ್ದಿದ್ದೆ.

ಸಾಕ್ಷಿ ನಲವತ್ತೇಳನೇ ಕಡತದಲ್ಲಿ ಬಂತು.

ಸಗರದ ಮನೆ ಅದು. ಹೆಂಡತಿಗೆ ಇಪ್ಪತ್ತಾರು, ತವರು ಸುರಪುರದ ಕಡೆ ಬೋನಾಳ. ಮದುವೆಯಾಗಿ ಏಳು ವರ್ಷ. ಗಂಡನಿಗೆ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ, ಸೈದಾಪುರದಲ್ಲಿ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಒಪ್ಪಿಗೆ ಪತ್ರವನ್ನು ಅವನಿಗೆ ಓದಿ ಹೇಳಿದವಳು ನಾನೇ. 'ನಿಮ್ಮ ಫಲಿತಾಂಶವನ್ನು ನಿಮ್ಮ ಅನುಮತಿಯಿಲ್ಲದೆ ಯಾರಿಗೂ, ನಿಮ್ಮ ಮನೆಯವರಿಗೂ ತಿಳಿಸುವುದಿಲ್ಲ.' ಆ ಸಾಲನ್ನು ಎರಡು ಸಲ ಓದಿಸಿಕೊಂಡ. ಪ್ರಶ್ನಾವಳಿಯಲ್ಲಿ ಚಿಕ್ಕಂದಿನ ಕಾಯಿಲೆಗಳು ಎಂಬ ಕಡೆ, ಹದಿನಾಲ್ಕನೇ ವಯಸ್ಸಲ್ಲಿ ಮಂಗನಬಾವು ಆಗಿ ಕೆಳಗೆಲ್ಲ ಬಾತು ಹದಿನೈದು ದಿನ ಮಲಗಿದ್ದೆ ಅಂದ. ಬರೆದುಕೊಂಡೆ.

ಮಾದರಿ ಕೊಟ್ಟ ದಿನ ಡಬ್ಬಿಯ ಮೇಲಿನ ಸಂಖ್ಯೆಯನ್ನು ಅವನೇ ಓದಿದ: ನಲವತ್ತೇಳು ಬ. ಹೆಂಡತಿಯದು ಅ, ಗಂಡನದು ಬ. ಅರ್ಧ ತಾಸು ಬಿಟ್ಟು ತಂತ್ರಜ್ಞ ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿದ. ಇನ್ನೊಂದು ಹನಿ ಹಾಕಿದ. ಉಳಿದದ್ದನ್ನು ಯಂತ್ರದಲ್ಲಿ ಗರಗರ ತಿರುಗಿಸಿ ತಳಕ್ಕೆ ಕೂತದ್ದನ್ನು ಮತ್ತೆ ನೋಡಿದ. ಆವತ್ತು ಜೋಕು ಹೊಡೆಯಲಿಲ್ಲ. "ಒಂದೂ ಇಲ್ರಿ" ಅಂದ. ಆ ಒಂದೂ ಇಲ್ಲದ್ದನ್ನು ಒಂದೇ ಪರೀಕ್ಷೆಯ ಮೇಲೆ ಹೇಳುವಂತಿಲ್ಲ. ಕೆಲವು ವಾರ ಬಿಟ್ಟು ಇನ್ನೊಂದು ಮಾದರಿ ನೋಡಿಯೇ ತೀರ್ಮಾನ. ಚೀಟಿ ಸಿದ್ಧವಾಯಿತು. 'ಕಡತ: 47-ಬ. ಎಣಿಕೆ: ಸೊನ್ನೆ. ಮರುಪರೀಕ್ಷೆ: ಬೇಕು.' ಲಕೋಟೆಯ ಮೇಲೆ ಹೆಂಡತಿಯ ಹೆಸರು.

ಮೂರು ವಾರ ಅವನು ಬರಲಿಲ್ಲ. ಬಂದವಳು ಆಶಾ ಅಕ್ಕ. ಬಂದವಳೇ ನನ್ನ ಟೇಬಲ್ ಮುಂದೆ ನಿಂತಳು, ಕೂರಲಿಲ್ಲ.

"ತಂಗಿ, ಸಗರದಾಗ ಆ ಹುಡುಗಿನ್ನ ಬಂಜಿ ಮಾಡಿ ಕುಂದ್ರಿಸ್ಯಾರ."

ಲಕೋಟೆಯನ್ನು ಆಕೆ ನಿಯಮದ ಪ್ರಕಾರ ಹೆಂಡತಿಯ ಕೈಗೇ ಕೊಟ್ಟಿದ್ದಳು. ಅತ್ತೆ ಪಕ್ಕದಲ್ಲೇ ಜ್ವಾಳ ಹಸನು ಮಾಡುತ್ತಿದ್ದಳಂತೆ. ಸೊಸೆಯ ಹೆಸರಿನ ಕಾಗದ, ಮುಚ್ಚಿಡುವುದೇನಿದೆ? ಅಂಗಳದಲ್ಲೇ ಒಡೆದರು. ಮರುದಿನ ಅತ್ತೆ ಅದನ್ನು ಶಹಾಪುರದ ಮೆಡಿಕಲ್ ಅಂಗಡಿಗೆ ಒಯ್ದಳು. ಅಂಗಡಿಯವನು ಮೇಲಿನ ಹೆಸರು ನೋಡಿ, ಒಳಗಿನ ಸೊನ್ನೆ ನೋಡಿ, "ತತ್ತಿ ಖಾಲಿ ಆಗ್ಯಾವಬೇ, ಇನ್ನ ಏನ್ ಮಾಡಿದ್ರೂ ಆಗೂದಿಲ್ಲ" ಅಂದ. ಏಳು ವರ್ಷದಿಂದ ಆ ಮನೆಯಲ್ಲಿ ಪಿಸುಮಾತಾಗಿದ್ದದ್ದಕ್ಕೆ ಈಗ ದವಾಖಾನೆಯ ಮೊಹರು ಬಿದ್ದಿತ್ತು.

"ಈಗ ಏನು ಮಾಡ್ಯಾರ?" ಕೇಳಿದೆ.

"ಆಕಿ ತಂಗಿನ್ನ ತರೋ ಮಾತ ನಡ್ಸ್ಯಾರ. ಬೋನಾಳದಾಕಿ. ಸುರಪುರ ಕಾಲೇಜಿಗೆ ಹೋಗ್ತಾಳ, ಡಿಗ್ರಿ ಕಡೀ ವರ್ಷ. ಅಕ್ಕನ ಮನಿ ಉಳೀಬೇಕಂದ್ರ ತಂಗಿ ಬಂದು ಒಂದು ಕೂಸು ಹಡೀಬೇಕಂತ."

ನಮ್ಮ ಕಡೆ ಇದು ಹೊಸದಲ್ಲ. ಅಕ್ಕನಿಗೆ ಮಕ್ಕಳಿಲ್ಲದಿದ್ದರೆ ಅದೇ ಮನೆಗೆ ತಂಗಿಯನ್ನು ಕೊಡುತ್ತಾರೆ. ಹೊರಗಿನವಳು ಬಂದರೆ ಅಕ್ಕ ಬೀದಿಗೆ, ತಂಗಿ ಬಂದರೆ ಅಕ್ಕ ಒಳಗೆ. ಕಾನೂನು ಒಪ್ಪುವುದಿಲ್ಲ, ಹಿರಿಯರು ಒಪ್ಪುತ್ತಾರೆ. ಆದರೆ ಈ ಮನೆಯಲ್ಲಿ ತಂಗಿ ಬಂದರೂ ಕೂಸು ಆಗುವುದು ಅನುಮಾನ. ಅದು ಆ ಹೊತ್ತಿಗೆ ಗೊತ್ತಿದ್ದದ್ದು ತಂತ್ರಜ್ಞನಿಗೆ, ಡಾಕ್ಟರ್ ಮೇಡಂಗೆ, ನನಗೆ. ನಾಲ್ಕನೆಯವನೂ ಒಬ್ಬ ಇದ್ದ. ಡಬ್ಬಿಯ ಸಂಖ್ಯೆ ಓದಿದವನು. ಚೀಟಿಯ ಮೇಲೆ ಅದೇ 'ಬ' ಇತ್ತು.

ಆಶಾ ಅಕ್ಕನಿಗೆ ನಾನು ಏನೂ ಹೇಳುವಂತಿರಲಿಲ್ಲ. ಆಕೆ ಕೇಳಲೂ ಇಲ್ಲ. ಹೊರಡುವಾಗ ಮಾತ್ರ, "ಸಾಕ್ಷಿ ಸಿಕ್ತಲ್ಲ ತಂಗಿ" ಅಂದಳು. ಚುಚ್ಚುವ ದನಿಯಾಗಿದ್ದರೆ ಉತ್ತರ ಕೊಡುತ್ತಿದ್ದೆ. ದನಿಯಲ್ಲಿ ಅದಿರಲಿಲ್ಲ.

ಡಾಕ್ಟರ್ ಮೇಡಂ ದಕ್ಷಿಣದ ಕಡೆಯವರು. ದನಿ ಏರಿಸದ ಹೆಂಗಸು. "ನೋಡಮ್ಮಾ, ಒಂದು ಮಾದರಿ ರೋಗನಿರ್ಣಯ ಅಲ್ಲ. ಎರಡನೆಯದು ಆಗೋವರೆಗೆ ನಮಗೇ ಗೊತ್ತಿಲ್ಲ. ಗೊತ್ತಾದ ಮೇಲೂ ಅದು ಅವನದು. ನಾವು ಹೇಳೋ ಹಾಗಿಲ್ಲ."

"ನಾವು ಆಗಲೇ ಹೇಳಿಬಿಟ್ಟಿದ್ದೇವೆ ಮೇಡಂ. ತಪ್ಪು ಮನುಷ್ಯರ ಮೇಲೆ."

"ಚರ್ಚೆ ಗೆಲ್ಲೋದಕ್ಕೆ ಮಾತಾಡಬೇಡ. ನಾಳೆ ಒಬ್ಬ ಗಂಡಸಿನ ಫಲಿತಾಂಶ ಹೊರಗೆ ಹೋಯಿತು ಅಂದರೆ ಮೂರು ತಾಲ್ಲೂಕಿನಲ್ಲಿ ಒಬ್ಬನೂ ಬರಲ್ಲ. ಆಗ ಯಾವ ಹೆಂಗಸಿಗೆ ಉಪಯೋಗ ಆಯ್ತು?"

ಅವರ ವಾದದಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ. ಅವನನ್ನು ಮರುಪರೀಕ್ಷೆಗೆ ಕರೆತರುವುದಕ್ಕೆ ಅನುಮತಿ ಕೇಳಿದೆ, ಕೊಟ್ಟರು.

ಶಹಾಪುರದಿಂದ ಯಾದಗಿರಿ, ಅಲ್ಲಿಂದ ಸೈದಾಪುರ, ಅಲ್ಲಿಂದ ಆಟೋದಲ್ಲಿ ಕಾರ್ಖಾನೆಯ ಗೇಟು. ಮಧ್ಯಾಹ್ನದ ಪಾಳಿ ಬಿಟ್ಟು ಗಂಡಸರು ಹೊರಗೆ ಬರುತ್ತಿದ್ದರು. ಗಾಳಿಗೆ ಕೊಳೆತ ತತ್ತಿಯ ವಾಸನೆ. ನನ್ನನ್ನು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಜೊತೆಗಿದ್ದವರಿಗೆ ಏನೋ ಹೇಳಿ ಕಳಿಸಿ, ರಸ್ತೆಯಾಚೆಯ ಗೂಡಂಗಡಿಗೆ ಕರೆದ.

"ಚಾ ತಗೋರಿ ಮೇಡಂ. ಬಿಸಲಾಗ ದೂರದಿಂದ ಬಂದೀರಿ."

ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕಣ್ಣು ಕೆಂಪಾಗಿದ್ದವು, ಕೈಬೆರಳ ಚರ್ಮ ಸುಲಿದಿತ್ತು.

"ಚೀಟಿ ನೋಡಿದ್ರಿ?"

"ನೋಡೀನ್ರಿ."

"ನಂಬರು?"

ಅವನು ಲೋಟವನ್ನು ಬೆಂಚಿನ ಮೇಲೆ ಇಟ್ಟ.

"ಆ ನಂಬರು ಯಾರದು ಅಂತ ನಿಮಗ ಗೊತ್ತದ. ಮನ್ಯಾಗ ನಿಮ್ಮ ಹೆಂಡತಿಗೆ ಏನ್ ಹಚ್ಯಾರ ಅನ್ನೂದೂ ಗೊತ್ತದ. ಆಕಿ ತಂಗಿ ಓದೋ ಹುಡುಗಿ. ಹಾಂಗಿದ್ದೂ ಸುಮ್ನ ಕುಂತೀರಿ."

"ನಾ ಯಾರಿಗೂ ಸುಳ್ಳು ಹೇಳಿಲ್ಲಲ್ರಿ ಮೇಡಂ," ಅಂದ ಅವನು, ನೆಲ ನೋಡುತ್ತಾ. "ನಾ ಬಾಯೇ ಬಿಟ್ಟಿಲ್ಲ. ನಿಮ್ಮ ಕಾಗದಾನ ಹೇಳ್ಯಾದ."

ಸ್ಪರ್ಧೆಗಳಲ್ಲಿ ಇಂಥ ಒಂದು ಕ್ಷಣ ಬರುತ್ತದೆ. ಎದುರಿನವನು ನಮ್ಮದೇ ಮಾತನ್ನು ಎತ್ತಿ ನಮ್ಮ ಮುಂದೆ ಇಡುತ್ತಾನೆ. ಅಲ್ಲಿ ಗಂಟೆ ಬಾರಿಸಿ ಕಾಪಾಡುವವರು ಇರುತ್ತಾರೆ. ಇಲ್ಲಿ ಇರಲಿಲ್ಲ. ಮರುಪರೀಕ್ಷೆಗೆ ಬನ್ನಿ, ಒಂದೊಂದು ಸಲ ಎರಡನೆಯದರಲ್ಲಿ ಬೇರೆ ಬರುತ್ತದೆ ಎಂದೆ. ಅದು ಸುಳ್ಳಲ್ಲ. ಆ ಒಂದು ಆಸೆಗೆ ಅವನು ಬಂದ.

ಮುಂದಿನ ಸಂತೆ. ಅದೇ ಕೋಣೆ. ಈ ಸಲ ತಂತ್ರಜ್ಞ ನಾಲ್ಕು ಹನಿ ನೋಡಿದ, ತಳದ್ದನ್ನೂ ನೋಡಿದ, ನನ್ನನ್ನೂ ಕರೆದು ತೋರಿಸಿದ. ವೃತ್ತದ ತುಂಬ ಬೆಳಕು, ಬೆಳಕಿನಲ್ಲಿ ಕೆಲವು ಕಣಗಳು, ಬಾಲ ಇರುವಂಥದ್ದು ಯಾವುದೂ ಇಲ್ಲ. ಡಾಕ್ಟರ್ ಮೇಡಂ ಅವನನ್ನು ಒಂದು ತಾಸು ಕೂರಿಸಿಕೊಂಡು ಮಾತಾಡಿದರು. ಕಲಬುರಗಿಯಲ್ಲಿ ಇನ್ನೇನು ಪರೀಕ್ಷೆ ಮಾಡಿಸಬಹುದು, ದಾನಿಯ ದಾರಿ, ದತ್ತು. ಮಂಗನಬಾವಿನಿಂದ ಆಗಿರಬಹುದು, ಕಾರ್ಖಾನೆಯಿಂದ ಎಂದು ಹೇಳುವಂತಿಲ್ಲ ಅಂದರು. ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಇಬ್ಬರಿಗೂ ಸೇರಿಸಿ ಹೇಳುತ್ತೇವೆ ಅಂದರು. ಅವನು ಎಲ್ಲ ಕೇಳಿದ. ಎದ್ದ ಮೇಲೆ ನನ್ನ ಕಡೆ ತಿರುಗಿದ.

"ಮನ್ಯಾಗ ಯಾರಿಗೂ ಹೇಳಬಾರ್ದ್ರಿ ಮೇಡಂ. ನೀವಾ ಓದಿ ಹೇಳೀರಿ. ಎರಡು ಸಲ ಓದೀರಿ."

ಅವನು ಹೋದ ಮೇಲೆ ಕಡತವನ್ನು ಮತ್ತೆ ಮತ್ತೆ ತಿರುವಿದೆ. ಅವನ ಹಾಳೆಗಳ ಹಿಂದೆ ಅವಳವೂ ಇದ್ದವು: ರಕ್ತದ ಹಾರ್ಮೋನು, ಸ್ಕ್ಯಾನಿಂಗ್, ಗರ್ಭನಾಳದ ಪರೀಕ್ಷೆ. ಎಲ್ಲವೂ ಸರಿ ಇದ್ದವು. ಮರುಪರೀಕ್ಷೆಗೆ ಕರೆಯಲು ಗಂಡಸರ ಚೀಟಿ ಮಾತ್ರ ಮೊದಲೇ ಹೋಗುತ್ತಿತ್ತು; ಹೆಂಗಸರದನ್ನು ಇಬ್ಬರದೂ ಮುಗಿದ ಮೇಲೆ ಹೇಳುವ ಪದ್ಧತಿ ಇದ್ದದ್ದರಿಂದ ಅವಳಿಗೆ ಅವಳದೇ ಫಲಿತಾಂಶ ಹೋಗಿರಲಿಲ್ಲ. ಅವನದು ಅವನದಾದರೆ ಅವಳದು ಅವಳದಲ್ಲವೇ? ಮರುದಿನ ಬೆಳಿಗ್ಗೆ ಇದನ್ನೇ ಡಾಕ್ಟರ್ ಮೇಡಂ ಮುಂದೆ ಇಟ್ಟೆ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿ, "ಕೊಡು. ಅವಳದು ಮಾತ್ರ. ಒಂದು ಶಬ್ದ ಹೆಚ್ಚಿಗೆ ಬೇಡ" ಅಂದರು.

ಆಕೆ ಆಗ ಬೋನಾಳದಲ್ಲಿದ್ದಳು. ಯಾಕೆ ಅಂತ ಊರಿಗೆ ಹೋದ ಮೇಲೆ ತಿಳಿಯಿತು: ತಂಗಿಯನ್ನು ಒಪ್ಪಿಸಲು ಅತ್ತೆಯೇ ಕಳಿಸಿದ್ದಳು. ಮನೆಯ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದು ಕೂತಳು. ಹಾಳೆ ಹಾಳೆಯಾಗಿ ಓದಿ ಹೇಳಿದೆ. ನಿಮ್ಮ ರಕ್ತ ಸರಿ ಇದೆ. ಗರ್ಭಕೋಶ ಸರಿ ಇದೆ. ನಾಳ ತೆರೆದಿವೆ. ತತ್ತಿಗಳಿವೆ.

ಅವಳು ಅಳುತ್ತಾಳೆ, ಇಲ್ಲ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಏಳನೇ ಇಯತ್ತೆ ಓದಿದ ಹೆಂಗಸು. ಲೆಕ್ಕ ಹಾಕಲು ಅಷ್ಟು ಸಾಕಿತ್ತು.

"ಹಂಗಂದ್ರ ಆ ಸೊನ್ನಿ?"

"ಅದನ್ನ ನಾ ಹೇಳೂ ಹಾಂಗಿಲ್ಲ."

ಅವಳು ಹಾಳೆಗಳನ್ನು ಮಡಚಿ ನನ್ನ ಕೈಗೆ ವಾಪಸು ಇಟ್ಟಳು.

"ಇದನ್ನ ನಿಮ್ಮ ಹಂತ್ಯಾಕ ಇಟ್ಗೋರಿ ಅಕ್ಕಾರ. ಇದು ಆ ಮನಿಗಿ ಹೋದ್ರ ಏನಾಗ್ತದ ಹೇಳ್ರಿ. ಅವರ ಮಗನ ಇಜ್ಜತ್ ಕಳದಾಕಿ ಅಂತ ಅವತ್ತೇ ಹೊರಗ ಹಾಕ್ತಾರ. ಈಗರ ನಾ ಬಂಜಿ. ಬಂಜಿಗೆ ಒಂದು ಮೂಲಿ ಅದ ಆ ಮನ್ಯಾಗ. ತಂಗಿ ಬಂದ್ರ ಆ ಮೂಲಿ ಉಳೀತದ."

"ತಂಗಿ ಬಂದರೂ ಕೂಸು ಆಗಲ್ಲ ಅಂದ್ರ? ಆಗ ಆಕಿ ಏನಾಗ್ತಾಳ?"

ಅವಳು ಎದ್ದು ಹೋಗಿ ಉಳಿದ ಬಟ್ಟೆ ಹಿಂಡತೊಡಗಿದಳು.

ಅವಳ ವಾದವನ್ನೂ ನಾನು ಕೆಡವಲಾರೆ. ಇವತ್ತಿಗೂ.

ಕೆರೆಯ ಏರಿಯ ಮೇಲೆ ಬಸ್ಸಿಗೆ ನಿಂತಾಗ ತಂಗಿ ಹಿಂದಿನಿಂದ ಬಂದಳು. ಕಾಲೇಜಿನ ಚೀಲ ಹೆಗಲಲ್ಲೇ ಇತ್ತು. ನೀರಿನ ಅಂಚಿನಲ್ಲಿ ಕೊಕ್ಕರೆಗಳು ನಿಂತಿದ್ದವು. ಅವುಗಳ ಕಡೆ ನೋಡುತ್ತಲೇ ಮಾತು ತೆಗೆದಳು.

"ಅಕ್ಕಾರ, ಅಕ್ಕಗ ಏನ್ ಹೇಳಿದ್ರಿ? ಆಕಿ ಮಾತೇ ಆಡವಲ್ಲಳು."

"ಆಕಿ ರಿಪೋರ್ಟ್. ಆಕಿನ್ನೇ ಕೇಳು."

"ಆಕಿ ಹೇಳಂಗಿಲ್ಲ. ಬರೋ ಸೋಮವಾರ ನನ್ನ ಮಾತು ಮುಗಸ್ತಾರ. ನಾ ಹೂಂ ಅಂದೀನಿ. ಅಕ್ಕನ್ನ ಹೊರಗ ಹಾಕ್ತಾರಂದ್ರ ಉಹೂಂ ಅನ್ನಾಕ ಆಗ್ತದೇನ್ರಿ? ಖರೇ ಹೇಳ್ರಿ, ನಾ ಹೋದ್ರ ಕೂಸು ಆಗ್ತದಲ್ಲ?"

ಬಸ್ಸು ದೂರದಲ್ಲಿ ಕಾಣುತ್ತಿತ್ತು. ಒಂದು ಶಬ್ದ ಹೆಚ್ಚಿಗೆ ಬೇಡ ಅಂದಿದ್ದರು ಮೇಡಂ. ನಾನು ಹೇಳಿದ್ದು ಇಷ್ಟು: "ಸೋಮವಾರ ಮಾತಿಗೆ ಕೂತಾಗ ನಿಮ್ಮ ಮಾಮಾಗ ಒಂದು ಕೇಳು. ನಿಮ್ಮದೂ ಪರೀಕ್ಷೆ ಆಗ್ಯಾದಲ್ಲ, ನಿಮ್ಮ ಕಾಗದ ತೋರಸ್ರಿ ಅನ್ನು. ನೋಡದ ಹೂಂ ಅನ್ನಬ್ಯಾಡ."

"ಯಾಕ್ರಿ?"

"ಯಾಕ ಅಂತ ನಾ ಹೇಳಂಗಿಲ್ಲ."

ಬಸ್ಸಿನಲ್ಲಿ ಕೂತು ನನ್ನ ಪರ ನಾನೇ ವಾದಿಸಿಕೊಂಡೆ. ಫಲಿತಾಂಶ ಹೇಳಿಲ್ಲ. ಮದುವೆಗೆ ಮೊದಲು ಕಾಗದ ಕೇಳು ಎಂದು ಯಾವ ಹುಡುಗಿಗೆ ಬೇಕಾದರೂ ಹೇಳಬಹುದು. ಸಮಿತಿಯ ಮುಂದೆ ಈ ವಾದ ನಿಲ್ಲುತ್ತದೆ ಎಂದು ಗೊತ್ತಿತ್ತು, ಆಮೇಲೆ ನಿಂತಿತು ಕೂಡ. ಆದರೆ ನಿಲ್ಲುವ ವಾದ ಅಂದರೆ ಸರಿಯಾದ ಕೆಲಸ ಅಂತ ಅಲ್ಲ. ಅದು ನನಗೆ ಆ ತಿಂಗಳಲ್ಲಿ ಕಲಿಯಬೇಕಾಗಿ ಬಂದ ಪಾಠ. ತಡವಾಗಿ ಕಲಿತೆ.

ಸೋಮವಾರ ಬೋನಾಳದ ಮನೆಯಲ್ಲಿ ತಂಗಿ ಕೇಳಿದಳು. ಎರಡೂ ಊರಿನ ಹಿರಿಯರು ಚಾಪೆಯ ಮೇಲೆ ಕೂತಿದ್ದಾಗ, ಎಲೆ ಅಡಕಿ ತಟ್ಟೆ ನಡುವೆ ಇದ್ದಾಗ, ನಿಂತು ಕೇಳಿದಳು. ಇದೆಲ್ಲ ನನಗೆ ಹೇಳಿದವಳು ಆಶಾ ಅಕ್ಕ. ಅವನು ಮುಖ ಎತ್ತಲಿಲ್ಲವಂತೆ. ಅತ್ತೆ ಎದ್ದು ನಿಂತಳು. "ನನ್ನ ಮಗನ ಗಂಡಸ್ತನಕ ಚೀಟಿ ಕೇಳ್ತಾಳ? ಹಿರೇಕಿ ಬಂಜಿ, ಕಿರೇಕಿ ನಾಲಿಗಿ ಇಲ್ಲದಾಕಿ ಅಂದ್ಕೊಂಡಿದ್ದೆ. ಇಬ್ಬರ್ನೂ ನೀವಾ ಇಟ್ಗೋರಿ." ತಟ್ಟೆಯಲ್ಲಿದ್ದದ್ದು ಅಲ್ಲೇ ಉಳಿಯಿತು. ಆ ವಾರವೇ ಸಗರದಿಂದ ಒಂದು ಟಂಟಂ ಆಟೋ ಬಂದು ಹಿರಿಯವಳ ಟ್ರಂಕು, ಎರಡು ಕೊಡ, ಒಂದು ಹಾಸಿಗೆ ಬೋನಾಳದ ಮನೆ ಮುಂದೆ ಇಳಿಸಿ ಹೋಯಿತು. ಹಿರಿಯರು ಕೂತು ಸಂಬಂಧ ಬಿಡಿಸಿದರು.

ಇದೇ ಆ ನಿಂತ ಮದುವೆ.

ಮತ್ತೆ ಬೋನಾಳಕ್ಕೆ ಹೋದೆ. ಹೋಗಲೇಬೇಕಾದ ಕೆಲಸದ ಕಾರಣ ಏನೂ ಇರಲಿಲ್ಲ. ತಂಗಿ ಕಾಲೇಜಿಗೆ ಹೋಗಿದ್ದಳು. ಹಿರಿಯವಳು ಕೂಲಿಗೆ ಹೊರಟು ನಿಂತಿದ್ದಳು, ತಲೆಗೆ ಸೆರಗು ಬಿಗಿದಿದ್ದಳು. ಒಳಗೆ ಕರೆಯಲಿಲ್ಲ. ಅವಳ ಹಾಳೆಗಳನ್ನು ಕೊಡಲು ಹೋದೆ. ಈಗಲಾದರೂ ಬಂಜೆ ಎಂಬ ಮಾತು ಹೋಗಲಿ ಅಂದೆ.

"ಅಕ್ಕಾರ," ಅಂದಳು, ಸಿಟ್ಟಿಲ್ಲದೆ. "ತಂಗಿಗಿ ಹೇಳೂಕಿಂತ ಮೊದಲ ನನ್ನ ಒಂದು ಮಾತು ಕೇಳಿದ್ರ್ಯಾ?"

ಕೇಳಿರಲಿಲ್ಲ. ಅವಳ ಹೆಸರನ್ನು ಲಕೋಟೆಯ ಮೇಲೆ ಬರೆಯುವಾಗಲೂ ಕೇಳಿರಲಿಲ್ಲ. ಎರಡೂ ಸಲ ಅವಳ ಒಳ್ಳೆಯದಕ್ಕೆ ಅಂತಲೇ ನಾನು ಮಾತಾಡಿದ್ದೆ. ಹಾಳೆಗಳನ್ನು ಕಟ್ಟೆಯ ಮೇಲೆ ಇಟ್ಟೆ. ಅವಳು ಅವುಗಳ ಮೇಲೆ ಒಂದು ಕಲ್ಲು ಹೇರಿ ಹೊಲಕ್ಕೆ ಹೋದಳು. ತಂಗಿ ತಪ್ಪಿಸಿಕೊಂಡಳಲ್ಲ ಎಂದು ಯಾರಾದರೂ ಕೇಳಬಹುದು. ತಪ್ಪಿಸಿಕೊಂಡಳು. ಅಕ್ಕತಂಗಿಯರು ಈಗ ಒಂದೇ ಒಲೆಯ ಮುಂದೆ ಕೂತರೂ ಮಾತಾಡುವುದಿಲ್ಲ ಎಂದು ಆಶಾ ಅಕ್ಕ ಹೇಳುತ್ತಾಳೆ.

ನಿಯಮ ಬದಲಾಯಿತು. ಈಗ ಲಕೋಟೆಗಳೇ ಮನೆಗೆ ಹೋಗುವುದಿಲ್ಲ. ಯಾರ ಪರೀಕ್ಷೆಯೋ ಅವರ ಹೆಸರು ಲಕೋಟೆಯ ಮೇಲೆ, ಅವರೇ ಬಂದು ಒಯ್ಯಬೇಕು. ಕಡತದಲ್ಲೂ ಇಬ್ಬರ ಹೆಸರು. ಗಂಡಸರು ಕಡಿಮೆ ಬರುತ್ತಾರೆ. ತಂತ್ರಜ್ಞ ಬಾಗಿಲಲ್ಲಿ ನಿಂತು ಸಂತೆ ನೋಡುತ್ತಾನೆ.

ಹೋದ ತಿಂಗಳ ಒಂದು ಸಂತೆಯ ದಿನ ನಲವತ್ತೇಳನೇ ಕಡತದ ಆ ಗಂಡ ಬಂದ. ಕೈಯಲ್ಲಿ ಚೀಲ ಇರಲಿಲ್ಲ, ಮರೆಯ ಓಣಿಯಿಂದಲೂ ಬರಲಿಲ್ಲ. ಎದುರಿನ ಬಾಗಿಲಿಂದಲೇ ಬಂದ. ಹಿಂದೆ ಒಬ್ಬಳು ಹುಡುಗಿ. ಮೊಣಕೈವರೆಗೆ ಹಸಿರು ಬಳೆ, ಕಾಲಲ್ಲಿ ಹೊಸ ಕಾಲುಂಗುರ, ನಡೆಯುವಾಗ ಬೆರಳು ಎತ್ತಿ ಎತ್ತಿ ಇಡುತ್ತಿದ್ದಳು. ಭೀಮಾ ನದಿಯಾಚೆಯ ಯಾವುದೋ ಊರು. ನಮ್ಮ ಯಾವ ರಿಜಿಸ್ಟರಿನಲ್ಲೂ ಇಲ್ಲದ ಊರು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದ. ಅವಳು ಅಲ್ಲಿಂದಲೇ ನನ್ನ ಕಡೆ ನೋಡಿ ನಕ್ಕಳು. ದವಾಖಾನೆಗೆ ಬಂದವರು ನರ್ಸಿನ ಕಡೆ ನೋಡಿ ನಗುವ ಹಾಗೆ.

"ನಮಸ್ಕಾರ್ರಿ ಮೇಡಂ. ನಮ್ಮವ್ವ ಕಳಿಸ್ಯಾಳ. ಇನ್ನೂ ಏನೂ ನಿಂತಿಲ್ಲ, ಒಂದ್ಸಲ ತೋರಿಸ್ಕೊಂಡು ಬಾ ಅಂದಳು. ಈಕಿದು ಒಂದು ಹೊಸಾ ಫೈಲ್ ಮಾಡ್ರಿ."

"ಈಕಿದು?"

"ಹೂಂರಿ."

ಖಾಲಿ ಕಡತ ತೆಗೆದೆ. ಮೇಲೆ ಎರಡು ಗೆರೆಗಳಿದ್ದವು, ಹೊಸ ನಿಯಮದ ಪ್ರಕಾರ. ಪೆನ್ನಿನ ಮುಚ್ಚಳ ತೆಗೆದೆ. ಹೊರಗೆ ಬಳೆಗಳು ಸದ್ದು ಮಾಡಿದವು; ಹುಡುಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವನು ನನ್ನ ಕೈ ನೋಡುತ್ತಿದ್ದ. ನಾನು ಅವನಿಗಷ್ಟೇ ಕೇಳುವ ಹಾಗೆ ಕೇಳಿದೆ:

"ಮೊದಲ ಗೆರಿ ಮ್ಯಾಲ ಯಾರ ಹೆಸರು ಬರೀಲಿ?"